ಲೈನಲ್ಲಿದ್ದ ಅಜ್ಜಿ

ರಾತ್ರಿ ಹತ್ತೂವರೆ ಆಗ್ತಾ ಬಂದಿತ್ತು. ಆಲದ ಮರದ ಕೆಳಗೆ ನಮ್ಮ ದೊಡ್ಡಮ್ಮನ ಮಗಳು ಒಬ್ಬಳೇ ನಡ್ಕೊಂಡು ಬರ್ತಿದಾಳೆ. ಕಿವೀಲಿ ಫೋನು. ಆ ಫೋನಲ್ಲಿ ಚಾರ್ಜೇ ಇಲ್ಲ…

ಇರಿ ಇರಿ, ಮೊದಲಿಂದ ಹೇಳ್ತೀನಿ. ಆ ದೀಪ ಸ್ವಲ್ಪ ಸಣ್ಣ ಮಾಡು… ಬೇಡ, ಇರ್ಲಿ ಬಿಡು. ನಿಮ್ಮನ್ನ ಹೆದರಿಸೋಕೆ ಹೋಗಿ ನಾನೇ ಹೆದರ್ಕೊಂಡ್ರೆ ಮರ್ಯಾದೆ ಹೋಗುತ್ತೆ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ಅರ್ಧ ನಾನೇ ಕಣ್ಣಾರೆ ನೋಡಿದ್ದು. ಇನ್ನರ್ಧ ಅವಳ ಬಾಯಿಂದ ಕೇಳಿದ್ದು, ಅವಳು ಸುಳ್ಳು ಹೇಳೋಳಲ್ಲ. ಅಂದ್ರೆ… ಒಂದೇ ಒಂದು ಸುಳ್ಳು ಹೇಳ್ತಿದ್ಲು. ಅದೇ ಕತೆ.

ನಾವೆಲ್ಲ ಅವಳನ್ನ ಹಲೋ ಅಕ್ಕ ಅಂತೀವಿ. ನರ್ಸಿಂಗ್ ಹೋಮಲ್ಲಿ ಫೋನ್ ಎತ್ತೋ ಕೆಲಸ. ಮಧ್ಯಾಹ್ನ ಎರಡಕ್ಕೆ ಕೂತ್ರೆ ರಾತ್ರಿ ಹತ್ತರವರೆಗೂ ಒಂದೇ ರಾಗ. “ಹಲೋ, ಹೇಳಿ… ಲೈನಲ್ಲಿರಿ… ಡಾಕ್ಟರು ರೌಂಡ್ಸಲ್ಲಿದಾರೆ.” ಗಂಡ ಲಾರಿ ಓಡಿಸ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸಿದ್ರೆ ಹೆಚ್ಚು. ಮನೇಲಿ ಐದು ವರ್ಷದ ಮಗಳು, ಪುಟ್ಟಿ. ಅಮ್ಮ ಬರೋ ತನಕ ಅದನ್ನ ನೋಡ್ಕೊಳ್ಳೋದು ಕೆಳಗಿನ ಮನೆ ಓನರಮ್ಮ.

ನನ್ನ ಪಂಕ್ಚರ್ ಅಂಗಡಿ ಆ ಆಲದ ಮರದ ಎದುರಿಗೇ. ಹಲೋ ಅಕ್ಕ ಮನೆಗೆ ಹೋಗ್ಬೇಕಾದ್ರೆ ಮರದ ಕೆಳಗೇ ಹೋಗ್ಬೇಕು, ಬೇರೆ ದಾರಿ ಇಲ್ಲ. ಮರದ ಬುಡದಲ್ಲಿ ಒಬ್ಬಳು ಮುದುಕಿ ಕೂರೋಳು. ಬೇಡಿ ತಿನ್ನೋಳು. ಜನ ಅವಳ ಮುಂದೆ ಬಂದಾಗ ಏನೇನು ಮಾಡ್ತಾರೆ ಅಂತ ನಾನು ದಿನಾ ನೋಡ್ತಿದ್ದೆ. ಮೆಡಿಕಲ್ ಅಂಗಡಿಯವನು ಅಂಗಿ ಜೇಬು, ಪ್ಯಾಂಟ್ ಜೇಬು, ಹಿಂದಿನ ಜೇಬು ಎಲ್ಲಾ ತಟ್ಟಿ ತಟ್ಟಿ ತೋರಿಸೋನು, ಅವಳೇನೋ ಪೊಲೀಸು, ಇವನನ್ನ ತಪಾಸಣೆ ಮಾಡ್ತಿದಾಳೆ ಅನ್ನೋ ಹಾಗೆ. ಒಬ್ಬರು ಮೇಷ್ಟ್ರು, “ಚಿಲ್ಲರೆ ಇಲ್ಲಮ್ಮ, ಮುಂದೆ ಹೋಗು” ಅನ್ನೋರು. ಕೂತಿರೋಳಿಗೆ! ಅವಳೆಲ್ಲಿ ಮುಂದೆ ಹೋಗ್ತಾಳೆ, ಇವರೇ ಹೋಗೋರು. ನಾನೇನೂ ಸಾಚಾ ಅಲ್ಲ. ಅವಳು ನನ್ನ ಕಡೆ ತಿರುಗಿದ್ರೆ ಸಾಕು, ಒಂದು ಟ್ಯೂಬ್ ತಗೊಂಡು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕ್ತಾ ಕೂತ್ಬಿಡ್ತಿದ್ದೆ. ಪಂಕ್ಚರೇ ಆಗದ ಟ್ಯೂಬು!

ಹಲೋ ಅಕ್ಕಂದು ಬೇರೆ ಉಪಾಯ. ಮರ ಹತ್ರ ಬರ್ತಿದ್ದ ಹಾಗೆ ಫೋನು ಕಿವಿಗೆ. “ಹಾಂ ಆಂಟಿ… ಹೊರಟೆ… ಪುಟ್ಟಿ ಮಲಗಿದ್ಲಾ?… ಊಟ ಮಾಡಿದ್ಲಾ?… ಹತ್ತು ನಿಮಿಷ, ಬಂದ್ಬಿಟ್ಟೆ…” ಆ ಕಡೆ ಯಾರೂ ಇಲ್ಲ, ಶುದ್ಧ ನಾಟಕ. ಆದ್ರೆ ಕಸುಬಿನೋಳಲ್ವಾ? ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸಿ, ನಡುವೆ ಒಂದು “ಹೂಂ” ಸೇರಿಸಿ ಎಷ್ಟು ಚೆನ್ನಾಗಿ ಮಾಡೋಳು ಅಂದ್ರೆ, ನಂಗೇ ಒಂದೊಂದು ಸಲ ಅನುಮಾನ ಬರ್ತಿತ್ತು.

ಮುದುಕಿಗೆ ಮರ್ಯಾದೆ ಇತ್ತು ನೋಡಿ. ಫೋನಲ್ಲಿರೋರನ್ನ ಕೇಳ್ತಿರ್ಲಿಲ್ಲ. ಚಾಚಿದ ಕೈ ಸೆರಗಿನೊಳಗೆ ಎಳ್ಕೊಂಡು, “ಮಾತಾಡು ತಾಯಿ, ಮುಗೀಲಿ” ಅಂತ ಕಾಯೋಳು. ಇವಳ ಮಾತು ತಿರುವು ದಾಟೋವರೆಗೂ ಮುಗೀತಿರ್ಲಿಲ್ಲ. ಏಳು ತಿಂಗಳು ಹೀಗೇ ನಡೀತು. ಏಳು ತಿಂಗಳು ಮುದುಕಿ ಆ ಮಾತು ಕೇಳಿಸ್ಕೊಂಡಿದಾಳೆ.

ಒಂದು ಶನಿವಾರ ಮುದುಕಿ ನನ್ನ ಕರೆದ್ಲು. “ಅಪ್ಪಾ, ಆ ಹುಡುಗಿ ದಿನಾ ಮಗು ಮಲಗ್ತಾ, ಮಗು ಉಣ್ತಾ ಅಂತ ಕೇಳ್ತಾಳಲ್ಲ… ಆ ಕಡೆ ಇರೋರು ಯಾರು? ಅವಳ ಅತ್ತೆಯಾ?”

ನನ್ನ ಬಾಯಿ ಸುಮ್ನಿರ್ಬೇಕಲ್ಲ. ನಗ್ತಾ ಅಂದೆ, “ಯಾರೂ ಇಲ್ಲ ಅಜ್ಜಿ. ನಿಂಗೆ ಕಾಸು ಕೊಡೋದು ತಪ್ಪಿಸ್ಕೊಳ್ಳೋಕೆ ಸುಮ್ನೆ ಕಿವಿಗೆ ಇಟ್ಕೋತಾಳೆ.”

ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ಬದಲಿಗೆ ಕೇಳಿದ್ಲು, “ಹಾಗಾದ್ರೆ ಆ ಮಗು ಹತ್ರ ಯಾರಿದಾರೆ?”

“ನಿಂಗ್ಯಾಕೆ ಊರ ಉಸಾಬರಿ” ಅಂದೆ. ಓನರಮ್ಮ ಇದಾರೆ ಅಂತ ಒಂದು ಮಾತು ಹೇಳಬಹುದಿತ್ತು, ಹೇಳ್ಲಿಲ್ಲ. ಕಂಪ್ರೆಸರ್ ಆನ್ ಮಾಡ್ದೆ. ಅದರ ಧಡಧಡದಲ್ಲಿ ಅವಳು ಇನ್ನೇನೋ ಅಂದಿದ್ದು ಕೇಳಿಸ್ಲಿಲ್ಲ.

ಸೋಮವಾರ ಬೆಳಿಗ್ಗೆ ಶಟರ್ ಎತ್ತಿದಾಗ ಮುದುಕಿ ಮರಕ್ಕೆ ಒರಗಿ ಕೂತ ಹಾಗೇ ಇದ್ಲು. ಜೀವ ಹೋಗಿತ್ತು. ನಗರಸಭೆ ವ್ಯಾನ್ ಬಂತು, ಇಬ್ಬರು ಎತ್ಕೊಂಡು ಹೋದ್ರು. ಎಲ್ಲರೂ ನಿಂತು ನೋಡಿದ್ವಿ. ಅವತ್ತು ಯಾರೂ ಜೇಬು ತಟ್ಟಲಿಲ್ಲ.

ಅದೇ ರಾತ್ರಿ ಹಲೋ ಅಕ್ಕ ಬಂದ್ಲು. ಮರದ ಕೆಳಗೆ ಬರೀ ಬೇರು. ಇವಳು ಫೋನ್ ಕಿವಿಗಿಟ್ಕೊಂಡು, “ಹಾಂ ಆಂಟಿ, ಹೊರಟೆ… ಪುಟ್ಟಿ ಮಲಗಿದ್ಲಾ…” ಅಂತ ಖಾಲಿ ಜಾಗದ ಮುಂದೆ ನಾಟಕ ಆಡ್ಕೊಂಡು ಹೋದ್ಲು. ಮುದುಕಿ ಸತ್ತಿದ್ದು ಅವಳಿಗೆ ಗೊತ್ತೇ ಇಲ್ಲ. ಒಂದಿನಾನಾದ್ರೂ ಆ ಕಡೆ ಕಣ್ಣು ಹಾಯಿಸಿದ್ರೆ ತಾನೇ? ಮಂಗಳವಾರಾನೂ ಹಾಗೇ ಆಯ್ತು. “ಯಾರಿಗೇ ಅಕ್ಕ ಈ ನಾಟಕ” ಅಂತ ರೇಗಿಸೋಣ ಅನ್ನಿಸ್ತು. ನಾಳೆ ಹೇಳಿದ್ರಾಯ್ತು ಅಂತ ಶಟರ್ ಎಳೆದೆ.

ಬುಧವಾರ.

ರಾತ್ರಿ ಒಂಬತ್ತಕ್ಕೆ ಓನರಮ್ಮ ನರ್ಸಿಂಗ್ ಹೋಮಿಗೇ ಫೋನ್ ಮಾಡಿದ್ರು. ಅವರ ತಮ್ಮ ಜಾರಿ ಬಿದ್ದು ಕಾಲು ಮುರ್ಕೊಂಡಿದ್ರಂತೆ. “ನಾನು ಈಗಲೇ ಹೊರಡ್ಬೇಕು ಕಣಮ್ಮ. ಪುಟ್ಟಿ ಊಟ ಮಾಡಿ ಮಲಗಿದಾಳೆ. ನಿಮ್ಮ ಮನೆಗೆ ಹೊರಗಿಂದ ಬೀಗ ಹಾಕಿದೀನಿ. ನಿನ್ನ ಹತ್ರ ಇನ್ನೊಂದು ಬೀಗದ ಕೈ ಇದೆಯಲ್ಲ, ಬೇಗ ಬಾ.” ಬೇಗ ಬಾ ಅಂದ್ರೆ ಬಿಡೋರು ಯಾರು? ನೈಟ್ ಶಿಫ್ಟ್ ಹುಡುಗಿ ಬಂದಿದ್ದೇ ಹತ್ತೂ ಹತ್ತಕ್ಕೆ. ಅಷ್ಟೊತ್ತೂ ಹಲೋ ಅಕ್ಕ ಕುರ್ಚಿ ತುದೀಲಿ ಕೂತು, ಬೇರೆಯವರ ಮಕ್ಕಳ ಜ್ವರಕ್ಕೆ “ಲೈನಲ್ಲಿರಿ” ಅಂತಿದ್ಲು. ಅವಳ ಮೊಬೈಲು ಚಾರ್ಜ್ ಮುಗಿದು ಎಂಟು ಗಂಟೆಗೇ ಆಫ್ ಆಗಿತ್ತು.

ನಾನು ಶಟರ್ ಎಳೀತಿದ್ದೆ. ಗರ್ರ್ ಅಂತ ಅರ್ಧಕ್ಕೆ ಬಂದಿತ್ತು. ಅವಳ ಚಪ್ಪಲಿ ಸದ್ದು ಕೇಳ್ತು… ಪಟ ಪಟ ಪಟ. ಓಟ ಅಲ್ಲ, ಓಟಕ್ಕಿಂತ ಸ್ವಲ್ಪ ಕಮ್ಮಿ. ಗಾಳಿ ಇಲ್ಲ, ಬರೀ ಚಳಿ. ಒಂದು ಎಲೆ ಅಲ್ಲಾಡ್ತಿಲ್ಲ. ಆ ಆತುರದಲ್ಲೂ ನೋಡಿ, ಮರ ಬಂದ ತಕ್ಷಣ ಅವಳ ಕೈ ತಾನಾಗೇ ಕಿವಿಗೆ ಹೋಯ್ತು. ಅಭ್ಯಾಸ.

ನನಗೆ ಕೇಳಿಸಿದ್ದು ಅವಳ ಮಾತು ಮಾತ್ರ. ಆ ಕಡೆಯ ಮಾತು ಆಮೇಲೆ ಅವಳೇ ಹೇಳಿದ್ದು. ಎರಡೂ ಸೇರಿಸಿ ಹೇಳ್ತೀನಿ.

“ಹಾಂ ಆಂಟಿ… ಹೊರಟೆ… ಪುಟ್ಟಿ ಮಲಗಿದ್ಲಾ?”

ಎಂದಿನ ಹಾಗೆ ನಿಲ್ಲಿಸಿದ್ಲು…

“ಇಲ್ಲ.”

ಫೋನಿಂದ. ಪಿಸುಮಾತು. ಕಫ ಕಟ್ಟಿದ ಹಳೇ ಗಂಟಲು. ಹಿಂದೆ ಎಲ್ಲೋ ನೀರು ತೊಟ್ಟಿಕ್ಕೋ ಸದ್ದು. ಟಪ್… ಟಪ್…

ಹಲೋ ಅಕ್ಕ ನಿಂತ್ಬಿಟ್ಲು. ಫೋನ್ ಕಿವಿಯಿಂದ ತೆಗೆದು ನೋಡಿದ್ಲು. ಕಪ್ಪು ಪರದೆ. ಗುಂಡಿ ಒತ್ತಿದ್ಲು, ಏನೂ ಇಲ್ಲ. ನಾನಾಗಿದ್ರೆ ಎಸೆದು ಓಡ್ತಿದ್ದೆ. ಅವಳು ಮತ್ತೆ ಕಿವಿಗಿಟ್ಲು. ಬಾಯಿಗೆ ಬಂದಿದ್ದು ಕೆಲಸದ ಮಾತು.

“ಯಾರು ಮಾತಾಡ್ತಿರೋದು?”

“ಮಗು ಮೈ ಸುಡ್ತಿದೆ ತಾಯಿ.”

“ಯಾರು… ನೀವ್ಯಾರು?”

“ನೀರು ನೀರು ಅಂತಿದೆ. ಬಾಗಿಲಿಗೆ ಬೀಗ ಇದೆ.”

ಟಪ್… ಟಪ್… ಆ ಸದ್ದು ಎಲ್ಲಿಂದ ಅಂತ ಅವಳಿಗೆ ಆಗ ಹೊಳೀತು. ಅವಳದು ಮಹಡಿ ಮೇಲಿನ ಮನೆ. ಮೆಟ್ಟಿಲು ಹತ್ತಿದ್ರೆ ಬಾಗಿಲ ಪಕ್ಕ, ಹೊರಗೇ ಒಂದು ನಲ್ಲಿ. ಅದರ ವಾಷರ್ ಹೋಗಿ ಎರಡು ವಾರ ಆಗಿತ್ತು. ಮಾತಾಡ್ತಿರೋರು ಅವಳ ಮನೆ ಬಾಗಿಲಲ್ಲೇ ಇದಾರೆ. ಆ ‘ತಾಯಿ’ ಅನ್ನೋ ದನಿಯೂ ಮರದ ಕೆಳಗೆ ದಿನಾ ಕೇಳಿದ್ದೇ.

ಏಳು ತಿಂಗಳಲ್ಲಿ ಮೊದಲನೇ ಸಲ ಅವಳು ಮರದ ಬುಡದ ಕಡೆ ತಿರುಗಿ ನೋಡಿದ್ಲು. ಆಮೇಲೆ ನನ್ನ ಕಡೆ.

“ಲೋ… ಆ ಅಜ್ಜಿ ಎಲ್ಲೋ?”

“ಸೋಮವಾರವೇ ಸತ್ತೋದ್ಲು ಕಣೇ ಅಕ್ಕ” ಅಂದೆ. ಬೀದಿ ದೀಪದ ಬೆಳಕಲ್ಲಿ ಅವಳ ಮುಖ ಬಿಳುಚಿದ್ದು ನನಗೆ ಅಂಗಡಿಯಿಂದಲೇ ಕಾಣ್ತು.

ಫೋನಲ್ಲಿ ಮತ್ತೆ… “ತಾಯಿ… ಬಾಗಿಲು ತೆಗೀಲಾ?”

ಈಗ ನೀವೇ ಒಂದು ಸಲ ಯೋಚನೆ ಮಾಡಿ. ನಗಬೇಡ್ವೋ, ನಿನಗಿನ್ನೂ ಮಕ್ಕಳಾಗಿಲ್ಲ, ಗೊತ್ತಾಗಲ್ಲ. ಬೀಗ ಹಾಕಿದ ಮನೆ. ಒಳಗೆ ಮಗು ಒಂದೇ, ಮೈ ಸುಡೋ ಜ್ವರ. ಹೊರಗೆ ಸತ್ತವಳು ನಿಂತು ತೆಗೀಲಾ ಅಂತ ಕೇಳ್ತಿದಾಳೆ. ಹೂಂ ಅಂದ್ರೆ ಏನು ಕಾದಿದೆಯೋ. ಉಹೂಂ ಅಂದ್ರೆ ಏನಾಗುತ್ತೋ. ಮನೆಗೆ ಇನ್ನೂ ಹತ್ತು ನಿಮಿಷದ ದಾರಿ. ಜೀವ ಬಾಯಿಗೆ ಬಂದಿತ್ತು ಅಂತಾಳೆ. ಇದೆಲ್ಲ ತನ್ನ ಭ್ರಮೆ ಅಂತಲೂ ಅನ್ನಿಸ್ತಂತೆ. ಅಷ್ಟರಲ್ಲಿ ಆ ಕಡೆಯಿಂದ ಪುಟ್ಟಿ ಅಳು ಕೇಳ್ತು. ಅಳೋಕೂ ತ್ರಾಣ ಇಲ್ಲದ ಅಳು… ಇಂಹ್… ಇಂಹ್…

“ತೆಗಿ” ಅಂದ್ಲು. ಮೊದಲು ಬಾಯೊಳಗೇ. ಆಮೇಲೆ ಬೀದಿಗೆಲ್ಲ ಕೇಳೋ ಹಾಗೆ, “ತೆಗಿ ಅಜ್ಜಿ! ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಮಗೂಗೆ ಒಂದು ಗುಟುಕು ನೀರು ಕೊಡು!”

ಖಾಲಿ ಮರದ ಬುಡಕ್ಕೆ ಕೈ ಚಾಚಿ ಬೇಡ್ಕೊಂಡ್ಲು ಕಣ್ರಯ್ಯಾ. ನಾನು ನೋಡಿದೀನಿ.

ಆ ಕಡೆ ಕಬ್ಬಿಣ ಸರಿದ ಸದ್ದು… ಕಟಕ್. ಅಷ್ಟೇ. ಆಮೇಲೆ ಫೋನಲ್ಲಿ ಏನೂ ಇಲ್ಲ.

ನಾನು ಶಟರ್ ಅರ್ಧಕ್ಕೇ ಬಿಟ್ಟು ಸ್ಕೂಟರ್ ತೆಗೆದೆ. ಹಿಂದೆ ಕೂತಳು. ಅವಳ ಹಲ್ಲು ಕಟಕಟ ಅನ್ನೋದು ಇಂಜಿನ್ ಸದ್ದಲ್ಲೂ ಕೇಳ್ತಿತ್ತು. ಫೋನಲ್ಲಿ ಆಗಿದ್ದನ್ನೆಲ್ಲ ತೊದಲ್ತಾ ಹೇಳಿದ್ಲು. ಹೇಳಿ ಮುಗಿಸಿ ಒಂದೇ ಮಾತು, “ಒಳಗೆ ಬಿಟ್ಟೆನಲ್ಲೋ… ನನ್ನ ಮಗು ಹತ್ರ ಒಳಗೆ ಬಿಟ್ಟೆನಲ್ಲೋ…” ಮಗು ಹತ್ರ ಯಾರಿದಾರೆ ಅಂತ ಮುದುಕಿ ಕೇಳಿದ್ದು ನನಗೊಬ್ಬನಿಗೇ ಗೊತ್ತು. ಆಕ್ಸಿಲರೇಟರ್ ಪೂರ್ತಿ ತಿರುವಿದೆ.

ಕೆಳಗಿನ ಮನೆ ಕತ್ತಲು. ಮೆಟ್ಟಿಲೂ ಕತ್ತಲು. ನಲ್ಲಿ ಮಾತ್ರ ಟಪ್… ಟಪ್… ಅವಳು ಎರಡೆರಡು ಮೆಟ್ಟಿಲು ಹಾರಿದ್ಲು. ನಾನು ಮೊಬೈಲ್ ಟಾರ್ಚ್ ಹಿಡ್ಕೊಂಡು ಹಿಂದೆ. ಧೈರ್ಯ ಇದ್ದು ಹಿಂದೆ ಹೋಗಿದ್ದಲ್ಲ, ಕೆಳಗೆ ಒಬ್ಬನೇ ನಿಲ್ಲೋಕಾಗದೆ ಹೋಗಿದ್ದು.

ಬಾಗಿಲು ಪೂರ್ತಿ ತೆಗೆದಿತ್ತು. ಬೀಗ ಮೂಲೇಲಿ ನೆಲದ ಮೇಲಿತ್ತು. ತೆಗೆದ ಬೀಗ ಅಲ್ಲ, ಒತ್ತಿ ಹಾಕಿದ್ದು ಹಾಕಿದ ಹಾಗೇ ಇತ್ತು. ಕೊಂಡಿ ಮುರಿದಿಲ್ಲ, ಬಾಗಿಲಿಗೆ ಒಂದು ಗೀರಿಲ್ಲ. ಓನರಮ್ಮ ಗಡಿಬಿಡೀಲಿ ಸರಿಯಾಗಿ ಹಾಕಿರಲ್ಲ ಅಂತೀರ, ಗೊತ್ತು. ಅವರನ್ನೂ ಕೇಳಿದೀವಿ. ಮೂರು ಸಲ ಎಳೆದು ನೋಡೇ ಹೋದೆ ಅಂದ್ರು.

ಪುಟ್ಟಿ ಹೊಸ್ತಿಲ ಮೇಲೆ ಮಲಗಿತ್ತು. ಮೈ ಒಳಗೆ, ತಲೆ ಹೊರಗೆ. ಕೂದಲು ಒದ್ದೆ, ಹಣೆ ಒದ್ದೆ, ಗಲ್ಲದಿಂದ ನೀರು ಇಳಿದು ಫ್ರಾಕಿನ ಕತ್ತೂ ಒದ್ದೆ. ಉಸಿರಾಡ್ತಿತ್ತು. ಹಲೋ ಅಕ್ಕ ಎತ್ತಿ ಎದೆಗೆ ಅವುಚಿಕೊಂಡ ರಭಸಕ್ಕೆ ಕಣ್ಣು ಬಿಡ್ತು.

“ಅಮ್ಮಾ… ಅಜ್ಜಿ ಹೋದ್ಲಾ?”

“ಯಾವ ಅಜ್ಜಿ ಚಿನ್ನ?”

“ನೀರು ಕುಡಿಸಿದ್ಲಲ್ಲ… ಬೊಗಸೇಲಿ. ಒಳಗೆ ಬಾ ಅಂದೆ. ಬರ್ಲೇ ಇಲ್ಲ.”

“ಯಾಕಂತೆ?” ಕೇಳಿದ್ದು ನಾನು. ನನ್ನ ದನಿ ನನಗೇ ಗುರುತು ಹತ್ಲಿಲ್ಲ.

“ನಿಮ್ಮಮ್ಮ ಬಾಗಿಲು ತೆಗಿ ಅಂದ್ಲು, ಒಳಗೆ ಬಾ ಅನ್ಲಿಲ್ಲ… ಅಂದ್ಲು.”

ಹಲೋ ಅಕ್ಕ ಅಲ್ಲೇ ಕುಸಿದು ಕೂತಳು. ಮಗು ತಲೆಗೆ ಮುಖ ಒತ್ಕೊಂಡು ಬಿಕ್ಕಿ ಬಿಕ್ಕಿ ಅತ್ಲು.

ಅದೇ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ್ವಿ. ಡಾಕ್ಟರು ನೋಡಿ, “ಜ್ವರ ಸಿಕ್ಕಾಪಟ್ಟೆ ಏರಿತ್ತು. ನೀರು ಕುಡಿಸಿ ತಲೆ ಒದ್ದೆ ಮಾಡಿದ್ದು ಒಳ್ಳೇದಾಯ್ತು. ಯಾರು ಮಾಡಿದ್ದು?” ಅಂತ ಕೇಳಿದ್ರು. ನಾನು ಅವಳ ಮುಖ ನೋಡ್ದೆ, ಅವಳು ನನ್ನ ಮುಖ ನೋಡಿದ್ಲು. ಮನೆಯವರೇ ಡಾಕ್ಟ್ರೇ ಅಂದ್ಲು.

ಈಗ ಯಾರಾದ್ರೂ ಕೈ ಚಾಚಿದ್ರೆ ಕೊಡ್ತಾಳಾ ಅಂತ ಕೇಳ್ತೀರ. ಇದ್ರೆ ಕೊಡ್ತಾಳೆ. ಇಲ್ದಿದ್ರೆ ನಿಂತು, ಮುಖ ನೋಡಿ, ಇವತ್ತು ಇಲ್ಲ ಅಂತಾಳೆ. ಬೀದೀಲಿ ಫೋನ್ ಮಾತ್ರ ಆಚೆ ತೆಗೆಯಲ್ಲ. ಪುಟ್ಟಿ ಮಲಗಿದ್ಲಾ ಅಂತ ಯಾರನ್ನೂ ಕೇಳಲ್ಲ. ಉತ್ತರ ಬಂದ್ಬಿಟ್ರೆ? ನಿದ್ದೆ ಇಲ್ಲ ಪಾಪ ಅವಳಿಗೆ. ರಾತ್ರಿ ಎದ್ದೆದ್ದು ಬಾಗಿಲ ಹತ್ರ ಹೋಗಿ ನಿಂತ್ಕೋತಾಳಂತೆ.

ನೀವು ಏನಾದ್ರೂ ಅನ್ನಿ. ಜ್ವರದ ತಲೆಗೆ ಮಗು ಏನೋ ಕಂಡಿರುತ್ತೆ ಅನ್ನಿ, ನಲ್ಲಿ ಹತ್ರ ತಾನೇ ತೆವಳಿಕೊಂಡು ಬಂದಿರುತ್ತೆ ಅನ್ನಿ. ಒಂದು ವಿಷಯ ನಾನು ಹಲೋ ಅಕ್ಕನಿಗೂ ಇವತ್ತಿನವರೆಗೆ ಹೇಳಿಲ್ಲ. ಅವಳು ಮಗು ಎತ್ಕೊಂಡು ಕೆಳಗಿಳಿದ್ಮೇಲೆ ಬಾಗಿಲು ಎಳೆಯೋಕೆ ನಾನು ಹಿಂದೆ ಉಳಿದೆ. ನಲ್ಲಿ ನೀರು ಹರಿದು ಹೊರಗಿನ ಸಿಮೆಂಟ್ ನೆಲ ಎಲ್ಲಾ ಒದ್ದೆ, ಕಾಲು ಜಾರ್ತು, ಕೈ ಊರಿದೆ. ನೆಲ ಚಳಿಗೆ ಕೊರೀತಿತ್ತು. ಹೊಸ್ತಿಲ ಆಚೆ, ಮಗು ತಲೆ ಇದ್ದ ಜಾಗ ಅಲ್ಲ, ಅದರ ಪಕ್ಕ… ಒಬ್ಬರು ಕೂತ್ಕೊಳ್ಳೋ ಅಷ್ಟಗಲ ಮಾತ್ರ ಒಣಗಿತ್ತು. ನಾನು ಅಂಗೈ ಇಟ್ಟು ನೋಡ್ದೆ. ಇದೇ ಕೈ, ಸುಳ್ಳು ಹೇಳಿದ್ರೆ ಕೇಳಿ.

ಬೆಚ್ಚಗಿತ್ತು.