ಮೂರನೆಯ ದಿನದ ಸಲಾಂ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಪ್ರಮಾಣಪತ್ರಕ್ಕಾಗಿ ಇಸ್ತ್ರಿ ಬಟ್ಟೆ ತೊಟ್ಟು ಕುಳಿತಿರುವ ನಮ್ಮ ಹೊಲಿಗೆ ಶಾಲೆಯ ಹುಡುಗಿಯರೇ, ಅವರನ್ನು ನೋಡಲು ಬಂದಿರುವ ಸಭಿಕರೇ, ಹಾಗೂ ಕಂಬದ ಹಿಂದೆ ಕುಳಿತರೆ ನನಗೆ ಕಾಣುವುದಿಲ್ಲ ಎಂದುಕೊಂಡಿರುವ ನನ್ನ ಅಕ್ಕನವರೇ,

ಎಲ್ಲರಿಗೂ ವಂದನೆಗಳು. ನಾನು ಸಲಾಂ ಹೇಳಿ ಮಾತು ಶುರುಮಾಡಬೇಕಿತ್ತು. ಬೇಕೆಂದೇ ಬಿಟ್ಟಿದ್ದೇನೆ, ಕಾರಣ ಮುಂದೆ ತಿಳಿಯುತ್ತದೆ. ಪ್ರತಿ ವಾರ್ಷಿಕೋತ್ಸವದಲ್ಲೂ ನಾನು ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಬಗ್ಗೆ ಮಾತನಾಡುತ್ತೇನೆ, ನೀವು ಆಕಳಿಸುತ್ತೀರಿ. ಈ ವರ್ಷ ‘ಇಸ್ಲಾಂನಲ್ಲಿ ಕ್ಷಮೆಯ ಗುಣ’ ಎಂಬ ವಿಷಯ ಕೊಟ್ಟಿದ್ದಾರೆ. ಕೊಟ್ಟವರು ಶಾಲೆಯ ಕಾರ್ಯದರ್ಶಿ, ಅಂದರೆ ನನ್ನ ಮಗಳು. ಏಳು ತಿಂಗಳ ಬಸುರಿಯ ಮಾತನ್ನು ತೆಗೆದುಹಾಕುವ ಧೈರ್ಯ ಯಾರಿಗಿದೆ?

ಕ್ಷಮೆ ಎಂದರೇನು? ದೇವರು ನಿಮ್ಮನ್ನು ಕ್ಷಮಿಸಲಿ ಎಂದು ನಿಮಗೆ ಆಸೆಯಿಲ್ಲವೇ, ಹಾಗಿದ್ದರೆ ನೀವೂ ಇನ್ನೊಬ್ಬರನ್ನು ಮನ್ನಿಸಿ ಎನ್ನುತ್ತದೆ ನಮ್ಮ ಧರ್ಮ. ಒಡಹುಟ್ಟಿದವರ ಜೊತೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು, ಇಬ್ಬರಲ್ಲಿ ಮೊದಲು ಸಲಾಂ ಹೇಳಿದವರೇ ಮೇಲು ಎಂದು ಪ್ರವಾದಿಯವರು ಕಲಿಸಿದ್ದಾರೆ. ಎಂಥ ಒಳ್ಳೆಯ ಮಾತು. ಇಂಥ ಮಾತು ಇಬ್ಬರು ಹಟಮಾರಿ ಹೆಂಗಸರ ಕೈಗೆ ಸಿಕ್ಕರೆ ಏನಾಗುತ್ತದೆ ಗೊತ್ತೇ?

ನನ್ನದು ಕೆಳಗಿನ ಮನೆ, ಅಕ್ಕನದು ಮೇಲಿನ ಮನೆ. ಇಪ್ಪತ್ತಾರು ವರ್ಷಗಳಿಂದ ನಮಗೆ ಮಾತಿಲ್ಲ. ಆದರೆ ಪಾಪ ಸುತ್ತಿಕೊಳ್ಳಬಾರದಲ್ಲ? ಅದಕ್ಕೆ ಪ್ರತಿ ಮೂರನೆಯ ದಿನ ಬೆಳಿಗ್ಗೆ ಮೆಟ್ಟಿಲ ಬಳಿ ನಿಂತು ಒಬ್ಬರು ಸಲಾಂ ಹೇಳುತ್ತೇವೆ, ಇನ್ನೊಬ್ಬರು ಮರುಸಲಾಂ ಹೇಳುತ್ತೇವೆ. ಅಲ್ಲಿಗೆ ಚುಕ್ತಾ. ಮತ್ತೆ ಮೂರು ದಿನ ಬಾಯಿಗೆ ಬೀಗ. ಮೊದಲು ಹೇಳಿದವರೇ ಮೇಲು ಎಂದಿದೆಯಲ್ಲ, ಅದರಲ್ಲೂ ಪೈಪೋಟಿ. ಅಕ್ಕನ ಚಪ್ಪಲಿಯ ಸದ್ದು ಕೇಳಿಸಿ, ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಓಡಿಬಂದು ಸಲಾಂ ಹೇಳಿದವಳು ನಾನು. ಒಮ್ಮೆ ಅವಳು ಮೆಟ್ಟಿಲಿಗೂ ಬಾರದೆ ಕಿಟಕಿಯಿಂದಲೇ ಕೂಗಿ ಗೆದ್ದಳು. ಅದು ಮೋಸ ಎಂಬುದು ಈಗಲೂ ನನ್ನ ಅಭಿಪ್ರಾಯ.

ನಗಿ, ನಗಿ. ನಮ್ಮ ಬೀದಿಯವರಿಗೆಲ್ಲ ಗೊತ್ತಿರುವ ಸಂಗತಿಯೇ.

ಹಾಗೆಂದು ನಾನು ಅವಳನ್ನು ಕ್ಷಮಿಸಿಲ್ಲ ಎಂದು ತಿಳಿಯಬೇಡಿ. ಎಂದೋ ಕ್ಷಮಿಸಿದ್ದೇನೆ. ಅವಳು ಬಂದು ಕೇಳಲಿ ಎಂದು ಕಾಯುತ್ತಿದ್ದೆ, ಅಷ್ಟೇ.

ಏನಾಗಿತ್ತು ಎಂದರೆ, ಈ ಕಾರ್ಯದರ್ಶಿ ಹುಟ್ಟಿದ ದಿನವೇ ನಮ್ಮ ಅಮ್ಮ ತೀರಿಕೊಂಡಳು. ನಾನು ಆಸ್ಪತ್ರೆಯಲ್ಲಿದ್ದೆ. ಅಮ್ಮ ಯಾಕೆ ಮಗು ನೋಡಲು ಬರಲಿಲ್ಲ ಎಂದು ಕೇಳಿದಾಗಲೆಲ್ಲ ಅಕ್ಕ, “ಸ್ವಲ್ಪ ಜ್ವರ ಕಣೇ, ಇಳಿದ್ಮೇಲೆ ಬರ್ತಾಳೆ” ಎನ್ನುತ್ತಿದ್ದಳು. ಮನೆಗೆ ಬಂದೆ. ಅಮ್ಮನ ಮಂಚ ಖಾಲಿ. ಮಣ್ಣು ಮಾಡಿ ಆಗಿತ್ತು. “ಹಸಿ ಬಾಣಂತಿ, ಹೆದರ್ಕೋತೀಯ ಅಂತ ಹೇಳ್ಲಿಲ್ಲ” ಎಂದಳು. ಅಮ್ಮನ ಮುಖ ನೋಡುವ ಹಕ್ಕನ್ನು ನನ್ನಿಂದ ಕಿತ್ತುಕೊಳ್ಳಲು ಇವಳು ಯಾರು? ಅಂದು ಬಿಟ್ಟ ಮಾತು.

ಈಗ ಮಗಳು ನನಗೊಂದು ಷರತ್ತು ಹಾಕಿದ್ದಾಳೆ. “ಬಾಣಂತನಕ್ಕೆ ನೀನೂ ಬೇಕು, ದೊಡ್ಡಮ್ಮನೂ ಬೇಕು. ಬಾಯಿಬಿಟ್ಟು ಮಾತಾಡ್ಕೊಂಡು ಇರೋದಾದ್ರೆ ಬರ್ತೀನಿ. ಇಲ್ದಿದ್ರೆ ಅತ್ತೆ ಮನೇಲೇ ಇರ್ತೀನಿ.” ಅವಳ ಅತ್ತೆ ಇಲ್ಲೇ ಕುಳಿತಿದ್ದಾರೆ, ತುಂಬಾ ಒಳ್ಳೆಯವರು. ಆದರೆ ಮೊದಲ ಮೊಮ್ಮಗುವನ್ನು ಅವರಿಗೆ ಬಿಟ್ಟುಕೊಡುವಷ್ಟು ಒಳ್ಳೆಯವಳು ನಾನಲ್ಲ.

ಇನ್ನೊಂದು ಮಾತನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿದೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ತಲೆ ತಿರುಗಿ ಬಿದ್ದೆ. ಮಗಳೇ, ಹಾಗೆ ನೋಡಬೇಡ, ಕೂತುಕೋ. ಡಾಕ್ಟರಿಗೆ ತೋರಿಸಿ ಆಗಿದೆ, ಈಗ ಗುಂಡುಕಲ್ಲಿನ ಹಾಗಿದ್ದೇನೆ. ಕಣ್ಣು ಬಿಟ್ಟಾಗ ನನ್ನ ತಲೆ ಅಕ್ಕನ ತೊಡೆಯ ಮೇಲಿತ್ತು. ಅಂದು ಸಲಾಂ ಹೇಳುವ ದಿನವೂ ಅಲ್ಲ. ಆದರೂ ನನ್ನ ಬಾಯಿಂದ ಮೊದಲು ಬಂದ ಮಾತು, “ಅವಳಿಗೆ ಹೇಳ್ಬೇಡ ಅಕ್ಕಾ. ಬಸುರಿ, ಹೆದರ್ಕೋತಾಳೆ.”

ಹೇಳಿ ಮುಗಿಸುವಷ್ಟರಲ್ಲಿ, ಅದು ಯಾರ ಮಾತು ಎಂದು ನನಗೇ ಕೇಳಿಸಿತು. ಅವಳಿಗೂ ಕೇಳಿಸಿತು. “ಈಗ ಗೊತ್ತಾಯ್ತಾ?” ಎನ್ನಬಹುದಿತ್ತು. ನಾನಾಗಿದ್ದರೆ ಖಂಡಿತ ಎನ್ನುತ್ತಿದ್ದೆ, ಅದೂ ಬೀದಿಗೆಲ್ಲ ಕೇಳುವಂತೆ. ಅವಳು ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಾ, “ಹೂಂ, ಹೇಳಲ್ಲ. ನೀರು ಕುಡಿ” ಎಂದಳು. ಹೇಳಲೂ ಇಲ್ಲ, ಇಂದಿನವರೆಗೆ. ಮಾರನೆಯ ದಿನದಿಂದ ನಾವು ಮತ್ತೆ ಹಳೆಯ ಹಾದಿಗೇ ಬಿದ್ದೆವು. ಎಲ್ಲಿಂದ ಮಾತು ಶುರುಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಆಗಿನಿಂದ ಒಂದೇ ಯೋಚನೆ. ಅಮ್ಮ ಅವಳಿಗೂ ಅಮ್ಮನೇ ಅಲ್ಲವೇ? ಅಮ್ಮನನ್ನು ಕಳಿಸಿಕೊಟ್ಟು ಬಂದು, ಮುಖ ತೊಳೆದುಕೊಂಡು, ನನ್ನ ಹಾಸಿಗೆಯ ಪಕ್ಕ ನಗುತ್ತಾ ಕೂರಬೇಕಿತ್ತು. ಅವಳು ಎಲ್ಲಿ ಹೋಗಿ ಅತ್ತಳು? ಇಷ್ಟು ವರ್ಷ ನಾನು ಕೇಳಿಲ್ಲ. ಅವಳು ಬಂದು ಕ್ಷಮೆ ಕೇಳಲಿ ಎಂದು ಕಾಯುತ್ತಾ ಕುಳಿತವಳಿಗೆ ಇದನ್ನು ಕೇಳಲು ಪುರುಸೊತ್ತೇ ಆಗಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ನಮ್ಮ ಸಲಾಂ ನಿನ್ನೆಯಷ್ಟೇ ಆಗಿದೆ. ಗೆದ್ದವಳು ಅವಳೇ. ಮುಂದಿನದು ನಾಡಿದ್ದು. ಶುರುವಿನಲ್ಲಿ ಎಲ್ಲರಿಗೂ ಸಲಾಂ ಹೇಳಿದ್ದರೆ ಅದು ಅವಳಿಗೂ ಸೇರಿಬಿಡುತ್ತಿತ್ತು, ಅದಕ್ಕೇ ಬಿಟ್ಟಿದ್ದೆ. ಇಂದು ಹೇಳಲೇಬೇಕೆಂದೇನೂ ಇಲ್ಲ. ಆದರೂ ಹೇಳುತ್ತಿದ್ದೇನೆ.

ಅಕ್ಕಾ, ಅಸ್ಸಲಾಮು ಅಲೈಕುಂ. ಮರುಸಲಾಂ ಇಲ್ಲೇ ಹೇಳಿ ಮುಗಿಸಿಬಿಡಬೇಡ. ಮನೆಗೆ ಜೊತೆಯಲ್ಲೇ ನಡೆದು ಹೋಗೋಣ. ದಾರಿಯಲ್ಲಿ ಅಮ್ಮನ ಕೊನೆಯ ದಿನದ ಬಗ್ಗೆ ಹೇಳು. ನನಗೆ ಏನೂ ಗೊತ್ತಿಲ್ಲ.

ಕಾಜಾ ಬಿಟ್ಟು ಬೇರೆ ಮಾತಾಡಿದರೂ ಎದ್ದುಹೋಗದೆ ಕೇಳಿದ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.