ಅಚ್ಚಿನ ತಪ್ಪು

ಹಲೋ... ಹಲೋ, ಯಾರು ಮಾತಾಡ್ತಿರೋದು? ಇದು ಲಿವಾಯ್ ಫೋನ್ ಅಲ್ವಾ? ನಾನು ಅವಳ ಅಮ್ಮ...

ಓ, ನೊಯೆಮಿ, ನೀನಾ! ಧ್ವನಿ ಗುರುತೇ ಸಿಗ್ಲಿಲ್ಲ ಕಣೆ. ಯಾಕೆ ಅಷ್ಟು ಮೆತ್ತಗೆ ಮಾತಾಡ್ತೀಯ, ಬೆಳಗ್ಗಿಂದ ಏನೂ ತಿಂದಿಲ್ವಾ? ನಿನಗೆ ಪಾನ್ಸಿತ್ ಶ್ಯಾವಿಗೆ ಬೇರೆ ಡಬ್ಬೀಲಿ ಹಾಕಿದೀನಿ, ಸಿಗಡಿ ಒಂದೊಂದೇ ಆರಿಸಿ ತೆಗೆದು. ಶ್ಯಾವಿಗೆ ತುಂಡು ಮಾಡ್ಬೇಡ, ಆಯಸ್ಸು ಕಮ್ಮಿ ಆಗುತ್ತೆ. ಲಿವಾಯ್ ನಾಟಕ ಮುಗಿದ್ಮೇಲೆ ತಿನ್ನು...

ಹಾಂ, ಇನ್ನೂ ಚರ್ಚಿನ ನೆಲಮಾಳಿಗೇಲೇ ಇದೀವಿ. ಹಾಡೋರು ಹದಿನಾಲ್ಕು ಜನಾನೂ ಬಂದಾಯ್ತು. ವ್ಯಾನು ಬಿಸಿಯಾಗ್ತಾ ಇದೆ. ವಿನಿಪೆಗ್ ಚಳೀಲಿ ಅದಕ್ಕೂ ಮನಸ್ಸು ಬರ್ಬೇಕಲ್ಲ! ಅದಿರ್ಲಿ, ನಮ್ಮ ಲಿವಾಯ್ ನಾಟಕಕ್ಕೆ ಆ ಪ್ರೀತಿ ಹಾಡು ಬರೆದಿರೋದು ಯಾವ ಹುಡುಗನ ಮೇಲೆ? ಗೆಳತಿ ನೀನು, ನಿಂಗೆ ಗೊತ್ತಿರುತ್ತೆ, ಹೇಳಲ್ಲ ಅಷ್ಟೇ... ಏನು? ಹೋಗ್ಲಿ ಬಿಡು. ಅವಳಿಗೆ ಕೊಡು, ಬೇಗ. ಒಂದು ಎಡವಟ್ಟಾಗಿದೆ, ನನ್ನ ಫೋನಲ್ಲಿ ಚಾರ್ಜ್ ಬೇರೆ ಇಲ್ಲ...

ಲಿವಾಯ್? ಗಾಬರಿ ಆಗ್ಬೇಡ. ಬಾಗಿಲಲ್ಲಿ ಹಂಚೋಕೆ ಅಂತ ಮುನ್ನೂರು ಪುಸ್ತಿಕೆ ಮಡಿಚೋಕೆ ನಮ್ಮ ಹತ್ರ ಕಳಿಸಿದ್ಯಲ್ಲ? ಅದ್ರಲ್ಲಿ ನಿನ್ನ ಹಾಡಿನ ಕೆಳಗೆ ಇಂಗ್ಲಿಷಲ್ಲಿ ಅರ್ಥ ಹಾಕಿದಾರಲ್ಲ? ಅಲ್ಲಿ ತಪ್ಪು ಅಚ್ಚಾಗಿದೆ. ‘ಹಿಮ ಬಿದ್ದ ದಿನ ತನ್ನ ಕೈಗವಸು ಬಿಚ್ಚಿ ನನ್ನ ಕೈಗೆ ಹಾಕಿದ್ದು ಶೀ’ ಅಂತೆ! ಏಳು ಕಡೆ ಹಾಗೇ. ಹುಡುಗ ಹೋಗಿ ಹುಡುಗಿ ಆಗಿಬಿಟ್ಟಿದಾನೆ...

ಇರೇ, ಪೂರ್ತಿ ಕೇಳು. ತಪ್ಪು ನಿಂದಲ್ಲ, ನಮ್ಮ ನಾಲಿಗೇದು. ನಮ್ಮ ಹುಟ್ಟೂರಿನ ಭಾಷೇಲಿ ಗಂಡಿಗೂ ‘ಸಿಯಾ’, ಹೆಣ್ಣಿಗೂ ‘ಸಿಯಾ’. ಇಂಗ್ಲಿಷಿಗೆ ಬಂದ್ರೆ ಎಡವೋದೇ. ನಂಗೇನು ಹೊಸದಾ? ವೃದ್ಧಾಶ್ರಮದ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಹನ್ನೆರಡನೇ ರೂಮಿನ ಅಜ್ಜೀನ ‘ಹೀ’ ಅಂದುಬಿಟ್ಟೆ. ಆಯಮ್ಮ ಗಂಜಿ ಬಟ್ಟಲು ಎತ್ತಿ ನನ್ನ ಮೇಲೆ ಎಸೆದ್ಲು. ಜೊತೆ ಕೆಲಸದವರು ವಾರಗಟ್ಟಲೆ ನಕ್ಕರು. ಇಪ್ಪತ್ತೆರಡು ವರ್ಷ ಆಯ್ತು, ಈಗಲೂ ಬಾಯಿ ತೆರೆಯೋ ಮುಂಚೆ ಗಂಡಾ ಹೆಣ್ಣಾ ಅಂತ ಒಂದು ಗಳಿಗೆ ಲೆಕ್ಕ ಹಾಕ್ತೀನಿ. ನನ್ನ ಮಗಳನ್ನ ನೋಡಿ ಯಾರೂ ಹಾಗೆ ನಗಬಾರ್ದು...

ಅದಕ್ಕೇ ಸರಿ ಮಾಡಿಬಿಟ್ವಿ! ಮಧ್ಯಾಹ್ನದಿಂದ ಎಲ್ಲರೂ ಪೆನ್ನು ಹಿಡಿದು ಕೂತಿದೀವಿ. ‘ಶೀ’ಯ ಮೊದಲನೇ ಅಕ್ಷರ ‘ಎಸ್’ಗೆ ಗೀಟು ಎಳೆದ್ರೆ ಆಯ್ತು, ಉಳಿಯೋದು ‘ಹೀ’. ಇನ್ನೂರ ಎಂಬತ್ತು ಮುಗೀತು, ಇಪ್ಪತ್ತು ಬಾಕಿ. ನಮ್ಮ ಜೊತೆ ಹಾಡೋ ಪೂರಿಂಗ್ ಇದಾಳಲ್ಲ, ಅವಳ ಕೈ ಸೆಟೆದುಕೊಂಡಿದೆ, ಬಾಯಿ ಮಾತ್ರ ನಿಂತಿಲ್ಲ. ಅಳಿಯ ಯಾರು, ಅಳಿಯ ಯಾರು ಅಂತ ಒಂದೇ ಸಮ...

ಹಲೋ?...

ನಿಲ್ಲಿಸಬೇಕಾ? ಯಾಕೆ?...

ತಪ್ಪಲ್ಲ ಅಂದ್ರೆ? ತಪ್ಪಲ್ಲ ಅಂದ್ರೆ ಏನೇ ಅರ್ಥ?...

ತಾಳು, ಇಲ್ಲಿ ಗಲಾಟೆ. ಮೆಟ್ಟಿಲು ಹತ್ತಿ ಬಾಗಿಲ ಹತ್ರ ಹೋಗ್ತೀನಿ. ಪೂರಿಂಗ್, ನೀನು ಅಲ್ಲೇ ಇರು, ಹಿಂದೆ ಬರ್ಬೇಡ! ಏನೂ ಆಗಿಲ್ಲ... ಹಾಂ. ಈಗ ಹೇಳು. ನಿಧಾನಕ್ಕೆ...

ಹೂಂ...

ಹೂಂ...

ಅದು ನಾಟಕದಲ್ಲಿ ತಾನೆ? ನಾಟಕದಲ್ಲಿ ಹುಡುಗಿ ಅಂತ ಮಾಡಿದೀಯ. ಸರಿ, ಈಗ ಎಲ್ಲಾ ಹಾಗೇ ಬರೀತಾರೆ. ನಿಜದಲ್ಲಿ ಅವನು... ಅಲ್ವಾ? ಲಿವಾಯ್, ನಿಜದಲ್ಲಿ?...

ಕೈಗವಸು. ನೇರಳೆ ಬಣ್ಣದ್ದು, ಒಂಟಿ. ನಾನೇ ಒಗೆದು ಹೀಟರ್ ಮೇಲೆ ಒಣಗಿಸಿದ್ನಲ್ಲೇ. ಯಾರದ್ದು ಅಂತ ಕೇಳಿದ್ರೆ ನೊಯೆಮಿದು, ನಾಳೆ ವಾಪಸ್ ಕೊಡ್ತೀನಿ ಅಂದೆ. ನಾಲ್ಕು ವರ್ಷದಿಂದ ನಿನ್ನ ಬಟ್ಟೆ ಜೊತೇಲೇ ಇದೆ ಅದು...

ನಮ್ಮ ನೊಯೆಮಿ?... ಭಾನುವಾರ ಭಾನುವಾರ ಬಂದು ನನ್ನ ಪಾತ್ರೆ ತೊಳೆದವಳು? ಸ್ವಂತ ಚಿಕ್ಕಮ್ಮನ್ನ ಕರೆದ ಹಾಗೆ ತೀತಾ, ತೀತಾ ಅಂತ ಹಿಂದೆ ಹಿಂದೆ ತಿರುಗಿದವಳು? ಅಯ್ಯೋ ದೇವರೇ, ಈಗಷ್ಟೇ ಅವಳನ್ನೇ ಹುಡುಗ ಯಾರು ಅಂತ ಕೇಳಿದ್ನಲ್ಲೇ! ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ನೋಡು. ಅಮ್ಮಂಗೆ ಹೇಳೋಕೆ ಮುನ್ನೂರು ಜನರ ಕೈಗೆ ಅಚ್ಚು ಹಾಕಿಸಿ ಕೊಡಬೇಕಿತ್ತಾ?...

ಸುಳ್ಳು ಹೇಳ್ಲಿಲ್ಲ ಅಂತೀಯಾ?... ಹೌದು, ಹೇಳ್ಲಿಲ್ಲ. ನೀನು ‘ಸಿಯಾ’ ಅಂದೆ, ನಾನು ‘ಅವನು’ ಅಂತ ಕೇಳಿಸ್ಕೊಂಡೆ. ಮಾತಲ್ಲಿ ನಿನ್ನ ಗೆಲ್ಲೋಕಾಗುತ್ತಾ, ನಾಟಕ ಬರೆಯೋಳು. ನಾನು ಅವನು, ಅವನು ಅಂತ ಹಿಗ್ಗೋವಾಗ ನಿಂಗೆ ಒಂದು ಸಲಾನೂ ತಡೀಬೇಕು ಅನ್ನಿಸ್ಲಿಲ್ವಾ?...

ಅಳ್ತಿಲ್ಲ. ಬಾಗಿಲ ಹತ್ರ ಚಳಿ, ಮೂಗು ಸೋರ್ತಿದೆ...

ಕೋಪಾನೂ ಇದೆ. ಅದಕ್ಕಿಂತ ಭಯ ಆಗ್ತಿದೆ ಕಣೆ. ಕೊನೇಲಿ ಜನರ ಮಧ್ಯದಿಂದ ಎದ್ದು ನಿಂತು ಆ ಹಾಡು ಹಾಡಬೇಕಾದವರು ನಾವು. ಆರು ತಿಂಗಳಿಂದ ಅಭ್ಯಾಸ ಮಾಡಿದೀವಿ, ಪ್ರತಿ ಸಲಾನೂ ನಾನು ಅಳಿಯನ ಮುಖ ನೆನೆಸ್ಕೊಂಡು ಹಾಡಿದೀನಿ. ಊರಿಗೆಲ್ಲ ಡಂಗುರ ಸಾರಿದ್ದೂ ನಾನೇ. ಪಾದ್ರಿ ಹತ್ರ ಮದುವೆ ತಾರೀಖು ಬೇರೆ ವಿಚಾರಿಸಿದೀನಿ. ಈಗ ಕೆಳಗೆ ಹೋಗಿ ಅವರಿಗೆಲ್ಲ ಏನಂತ ಹೇಳ್ಲಿ? ಯಾವ ಮುಖ ಇಟ್ಕೊಂಡು ಹೇಳ್ಲಿ?...

ಒಂದು ಕೆಲಸ ಮಾಡೋಣ. ಇವತ್ತೊಂದು ದಿನ ಪುಸ್ತಿಕೆ ಹೀಗೇ ಇರ್ಲಿ. ಒಂದಕ್ಷರ ತಾನೆ? ಹಾಡಲ್ಲಿ ಹೇಗೂ ‘ಸಿಯಾ’ ಅಂತಲೇ ಬರುತ್ತೆ, ಯಾರಿಗೆ ಏನು ಬೇಕೋ ಅದನ್ನ ಕೇಳಿಸ್ಕೊಳ್ಳಲಿ. ನಾಳೆಯಿಂದ ನಿನ್ನಿಷ್ಟ...

ಹಾಗೆಲ್ಲ ಅನ್ಬೇಡ. ನಿನ್ನನ್ನ ಅಳಿಸಿಹಾಕು ಅಂದ್ನಾ ನಾನು? ಅಕ್ಷರ ಅಂದೆ...

ಹಾಗಾದ್ರೆ ಸರಿ. ನಿನ್ನ ಹಟ ನಿಂಗೆ, ನನ್ನ ಮಾನ ನಂಗೆ. ವ್ಯಾನು ವಾಪಸ್ ಕಳಿಸ್ತೀನಿ. ನಾನು ಬರಲ್ಲ. ಕೇಳಿಸ್ತಾ? ಬರಲ್ಲ!...

ಯಾರು? ಅವಳಿಗ್ಯಾಕೆ ಕೊಡ್ತೀಯ, ನಂಗೇನೂ... ಹಾಂ. ಹೇಳು ನೊಯೆಮಿ...

ಹೂಂ...

ಡಬ್ಬಿ ಬೇಡ್ವಾ?... ಇನ್ಮೇಲೆ ಭಾನುವಾರ ಬರಲ್ವಾ? ಬರಬೇಡ ಅಂತ ಯಾರೇ ಅಂದ್ರು ನಿಂಗೆ? ನಾನಂದ್ನಾ? ಒಂದು ಕೆಜಿ ಸಿಗಡಿ ಆರಿಸಿ ತೆಗೆದಿದೀನಿ, ಕನ್ನಡಕ ಹಾಕ್ಕೊಂಡು. ಒಂದು ಚೂರು ಉಳಿದ್ರೂ ನಿನ್ನ ಗಂಟಲು ಊದುತ್ತೆ ಅಂತ. ಅದನ್ನ ಇನ್ನು ಯಾರಿಗೆ ಕೊಡ್ಲಿ?...

ಕ್ಷಮೆ ಗಿಮೆ ಆಮೇಲೆ ಕೇಳುವಿಯಂತೆ. ನಿನ್ನ ಮೇಲೂ ಕೋಪ ಇದೆ ನಂಗೆ, ತಟ್ಟೆ ಮುಂದೆ ಕೂರಿಸ್ಕೊಂಡೇ ಬಯ್ತೀನಿ... ನಾಟಕ ಶುರುವಾಗುತ್ತೆ ಅಂತ ಇನ್ನು ಎಷ್ಟು ಹೊತ್ತಿಗೆ ಫೋನ್ ಆರಿಸ್ತಾರೆ ಅಲ್ಲಿ? ಈಗಲೇನಾ? ಹಾಗಾದ್ರೆ ಅವಳಿಗೆ ಕೊಡು, ಕೊಡು ಬೇಗ...

ಲಿವಾಯ್, ಕೇಳು. ಬರಲ್ಲ ಅಂದಿದ್ದು ಕೋಪಕ್ಕೆ. ಬರ್ತೀನಿ. ಗೀಟಿಲ್ಲದ್ದು ಇಪ್ಪತ್ತಿದೆ, ಮಿಕ್ಕಿದ್ದಕ್ಕೆ ದಾರಿಯುದ್ದಕ್ಕೂ ಕೂತು ಆ ಅಕ್ಷರ ಮತ್ತೆ ಬರೀತೀನಿ. ತಪ್ಪು ಮಾಡಿದ್ದು ನಾನು, ಅಚ್ಚಿನೋರಲ್ಲ ಅಂತ ಪೂರಿಂಗ್‌ಗೂ ಹೇಳ್ತೀನಿ. ಯಾರು ಬರ್ತಾರೋ ಬಿಡ್ತಾರೋ, ನಾನೊಬ್ಬಳಾದ್ರೂ ಎದ್ದು ನಿಂತು ಹಾಡ್ತೀನಿ. ಆಯ್ತಾ?... ಆಯ್ತಾ ಅಂದೆ... ಲಿವಾಯ್?

ಹಲೋ?... ಹಲೋ?

ಪೂರಿಂಗ್, ಬೇಡ ಅಂದ್ರೂ ಬಂದ್ಯಾ, ಇದೇನಾಯ್ತು ನೋಡೇ, ಫೋನು ಕಪ್ಪಾಗಿದೆ. ಚಳಿಗೆ ಸತ್ತಿದೆ. ಯಾವಾಗ ಸತ್ತಿತು? ಬರಲ್ಲ ಅಂದಿದ್ದು ಕೇಳಿಸಿದೆ ಅವಳಿಗೆ. ಬರ್ತೀನಿ ಅಂದಿದ್ದು ಕೇಳಿಸ್ತೋ ಇಲ್ವೋ... ಅವರು ಫೋನ್ ಆರಿಸಿಬಿಟ್ರೆ ನಿನ್ನ ಫೋನಿಂದ ಮಾಡಿದ್ರೂ ಅಷ್ಟೇ...

ವ್ಯಾನು ಹೊರಡಿಸು. ಪೆನ್ನು ಇಲ್ಲಿ ಕೊಡು.