ಕಾಲೆತ್ತಿ ಸಾರ್

ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಯಾವುದೋ ಆಫೀಸಿನ ನೆಲ ಒರೆಸುವ ಹೆಂಗಸು, ಜೊತೆಗೆ ಅವಳ ಅಕ್ಕ.

"ಡಾಕ್ಟರ ಹತ್ರ ಎಲ್ಲಾ ಬಾಯ್ಬಿಟ್ಟು ಹೇಳು. ನೀನು ಕೆಲಸಕ್ಕೆ ಹೋಗದೆ ಹನ್ನೊಂದು ದಿನ ಆಯ್ತು."

"ಏನಂತ ಹೇಳ್ಲಿ? ಹೆಣಕ್ಕೆ ಬೈದೆ ಅಂತಾನಾ?"

"ಕೊಲೆ ಆಗಿದೆ ಅಂತ ನಿಂಗೇನು ಕನಸು ಬಿದ್ದಿತ್ತಾ?"

"ಬೆಳಿಗ್ಗೆ ಹೋದ್ರೆ ಮ್ಯಾನೇಜರು ಕುರ್ಚೀಲೇ ಕೂತಿದ್ರು. ಕಾಲೆತ್ತಿ ಸಾರ್ ಅಂದೆ. ಎತ್ತಲಿಲ್ಲ. ಮನೇಲೂ ಹಿಂಗೇನಾ ಅಂತ ರೇಗಿ, ಪಾದದ ಸುತ್ತ ಒರೆಸಿದೆ. ಬಟ್ಟೆ ಕೆಂಪಾದ ಮೇಲೆ ತಲೆ ಎತ್ತಿ ನೋಡಿದ್ದು. ಯಾರೋ ಕುತ್ತಿಗೆ ಕೊಯ್ದುಬಿಟ್ಟಿದ್ರು."

"ಅಷ್ಟೊತ್ತಿಗೆ ಜೀವ ಹೋಗಿ ಎಷ್ಟೋ ಹೊತ್ತಾಗಿತ್ತಂತಲ್ಲೇ. ಪೊಲೀಸರೇ ಹೇಳಿದ್ರು."

"ಐದು ವರ್ಷದಿಂದ ನಾನು ಹೇಳೋಕೆ ಮುಂಚೆನೇ ಕಾಲೆತ್ತೋರು, ಅಕ್ಕ. ಅವತ್ತು ಎತ್ತದೇ ಇದ್ದಾಗಲೇ ಮುಖ ನೋಡ್ಬೇಕಿತ್ತು."

ಅಷ್ಟರಲ್ಲಿ ಆಸ್ಪತ್ರೆಯ ಆಯಾ ಒರೆಸುತ್ತಾ ಬಂದು, "ಕಾಲೆತ್ರಪ್ಪಾ" ಅಂದಳು. ಎಲ್ಲರೂ ಎತ್ತಿದೆವು. ಎದುರಿಗಿದ್ದ ಮುದುಕರೊಬ್ಬರು ಎತ್ತಲಿಲ್ಲ. ನನ್ನ ಪಕ್ಕದ ಹೆಂಗಸು ದಡಕ್ಕನೆ ಎದ್ದು ಹೋಗಿ ಅವರ ಭುಜ ಹಿಡಿದು ಅಲುಗಾಡಿಸಿದಳು.

"ಏನಮ್ಮಾ ನಿಂದು? ಮನುಷ್ಯ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ವಾ?"

"ಬೈಯಿರಿ ಅಜ್ಜಾ, ಇನ್ನೂ ಬೈಯಿರಿ."

ಒಳಗಿನಿಂದ ಆ ಹೆಂಗಸಿನ ನಂಬರ್ ಕೂಗಿದರು. ಅಕ್ಕ ಬಂದು, ಮುದುಕರ ಭುಜದ ಮೇಲಿದ್ದ ಅವಳ ಕೈ ಬಿಡಿಸಿ ಕರೆದುಕೊಂಡು ಹೋದಳು.